ಹೊಗೆ ಕುಡಿದ ಸೈಕಲ್ಲು

ಮೊನ್ನೆ ಭಾನುವಾರ ಸೈಕಲ್ಲನ್ನು ತಲೆಕೆಳಗು ಮಾಡಿಟ್ಟುಕೊಂಡು, ಹಳೇ ಬನಿಯನ್ನಿನ ತುಂಡನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚೈನು ಒರೆಸುತ್ತ ಕೂತಿದ್ದೆ. ಈ ಸೈಕಲ್ಲು ನನ್ನ ಮೈ ಇಳಿಯಲಿ ಎಂದು ಕೊಂಡದ್ದು. ಇದುವರೆಗೆ ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಸೀಮೆಎಣ್ಣೆಯ ವಾಸನೆ ಮೂಗಿಗೆ ಹತ್ತಿದ್ದೇ ತಡ, ಅಪ್ಪ ನೆನಪಾದ. ಗಾಬರಿಯಾಗಬೇಡಿ, ಅಪ್ಪ ಗಟ್ಟಿಮುಟ್ಟಾಗಿಯೇ ಇದ್ದಾನೆ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಅಪ್ಪನ ಬಗ್ಗೆ.

ಆಗ ಅಪ್ಪ ಹಾನುಬಾಳಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದ. ಸಾಹುಕಾರರ ಮಗಳು ಮದುವೆಯಾಗಿ ಹೋದ ಮೇಲೆ ಅವಳ ಸೈಕಲ್ಲು ನಮ್ಮ ಮನೆಗೆ ಬಂತು. ನಡುವೆ ಅಡ್ಡಕಂಬಿಯಿಲ್ಲದ ಲೇಡೀಸ್ ಸೈಕಲ್ಲು. ಯಾರಾದರೂ ನಕ್ಕರೆ ಅಪ್ಪ ಸ್ವಲ್ಪವೂ ಅಳುಕದೆ, "ಪಂಚೆ ಉಟ್ಟೋರ್ಗೆ ಇದೇ ಅನುಕೂಲ ಕಣ್ರೀ" ಅನ್ನುತ್ತಿದ್ದ. ಆದರೆ ಅವನು ಅದನ್ನು ಹತ್ತಿದ್ದನ್ನು ನೋಡಿದವರು ಕಡಿಮೆ. ಏರಿನಲ್ಲಿ ತಳ್ಳುತ್ತಿದ್ದ, ಇಳಿಜಾರಿನಲ್ಲಿ ಬ್ರೇಕು ಸವೆಯುತ್ತದೆಂದು ಹಿಡಿದುಕೊಂಡು ನಡೆಯುತ್ತಿದ್ದ. ನಮ್ಮ ಕಡೆ ಸಮತಟ್ಟು ರಸ್ತೆ ಎಲ್ಲಿದೆ, ನೀವೇ ಹೇಳಿ.

ಭಾನುವಾರ ಬಂತೆಂದರೆ ಅದಕ್ಕೆ ಅಭ್ಯಂಜನ. ಅಂಗಳದಲ್ಲಿ ಗೋಣಿತಾಟು ಹಾಸಿ ಮಲಗಿಸುವುದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಚೈನಿನ ಕಿಲುಬು ತೆಗೆಯುವುದು, ಪೂಜೆ ಪಾತ್ರೆ ಬೆಳಗಿದಂತೆ ಹುಣಸೆಹಣ್ಣು ಬೂದಿ ಹಚ್ಚಿ ರಿಮ್ಮು ಉಜ್ಜುವುದು, ಸೀಟಿಗೆ ಕೊಬ್ಬರಿ ಎಣ್ಣೆ. ಕೊನೆಯಲ್ಲಿ ಮುಂದಿನ ಮಡ್‌ಗಾರ್ಡಿಗೆ ಮೂರು ಬೆರಳಿನ ವಿಭೂತಿ. ಕೂಲಿಯಾಳುಗಳ ಲೈನ್ ಮನೆಯ ಪುಟ್ಟಮ್ಮ ನೀರಿಗೆ ಹೋಗುವಾಗ ನಿಂತು, "ರೈಟ್ರೇ, ಸ್ನಾನ ಆಯ್ತು, ತಿಂಡಿ ಏನ್ ಕೊಡ್ತೀರಿ ಅದುಕ್ಕೆ?" ಎಂದು ಕೇಳದೆ ಮುಂದೆ ಹೋದವಳಲ್ಲ.

ಅವ್ವನಿಗೆ ಆ ಸೈಕಲ್ಲಿನ ಮೇಲೆ ಕಣ್ಣಿತ್ತು. ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ, ಕಾಫಿ ಇಲ್ಲದ ದಿನಗಳಲ್ಲಿ, ಸೀರೆಯ ನೆರಿಗೆ ಎತ್ತಿ ಕಟ್ಟಿ ಕಲಿತಳು. ಅವಳು ಒಂದು ಸುತ್ತು ಹಾಕಿ ಇಳಿದರೆ ಅಪ್ಪ ಬಟ್ಟೆ ಹಿಡಿದು ಓಡಿಬಂದು ಒರೆಸುತ್ತಿದ್ದ. ರಸ್ತೆಗೆ ಮಾತ್ರ ಬಿಡಲಿಲ್ಲ. "ಮೊದ್ಲು ಇಟ್ಕೊಳೋದು ಕಲಿ ಕಣೇ, ಓಡ್ಸೋದು ಆಮ್ಯಾಕೆ" ಎಂಬುದು ಅವನ ಪಾಠ. ಅವ್ವ ಅದನ್ನೂ ಕಲಿತಳು.

ಮಳೆಗಾಲದಲ್ಲಿ ಅಪ್ಪನ ಭಕ್ತಿ ಇನ್ನೊಂದು ಹಂತಕ್ಕೆ ಹೋಗುತ್ತಿತ್ತು. ಜೂನ್ ಬಂದರೆ ನಮ್ಮಲ್ಲಿ ಕಂಬಳಿ, ಕೊಡೆ, ಸೌದೆ ಎಲ್ಲವೂ ಬಚ್ಚಲುಮನೆಯ ಹಂಡೆ ಒಲೆಯ ಮೇಲೆ ಒಣಗಬೇಕು. ಸೈಕಲ್ಲೂ ಅಲ್ಲಿಗೇ. ಜಂತಿಗೆ ಹಗ್ಗ ಕಟ್ಟಿ ತೂಗುಹಾಕಿ, "ಹೊಗೆ ಕುಡುದ್ರೆ ತುಕ್ಕು ಹತ್ರ ಸುಳಿಯಾಕಿಲ್ಲ" ಎನ್ನುತ್ತಿದ್ದ. ಒಂದು ವರ್ಷ ಸಾಸಿವೆಯಷ್ಟು ತುಕ್ಕು ಕಂಡಿದ್ದರಿಂದ ಮರುವರ್ಷ ಹಗ್ಗ ಉದ್ದ ಮಾಡಿ ಒಲೆಗೆ ಇನ್ನಷ್ಟು ಹತ್ತಿರ ಇಳಿಬಿಟ್ಟಿದ್ದ.

ಆ ವರ್ಷವೇ, ಮಳೆ ಇಳಿಯತೊಡಗಿದ ಸೆಪ್ಟೆಂಬರಿನಲ್ಲಿ, ಅವ್ವನಿಗೆ ಹಾನುಬಾಳಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಊರ ಹೆಂಗಸರ ಜಾಕೀಟು ಹೊಲಿಯುತ್ತ ಮನೆಯಲ್ಲೇ ಕೂತಿದ್ದವಳಿಗೆ ಅದು ಎಂಥ ಸಂಭ್ರಮ ಅಂತೀರಿ! ಸೋಮವಾರ ಒಂಬತ್ತಕ್ಕೆ ಅಲ್ಲಿರಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಬಸ್ಸು ನಮ್ಮ ಗೇಟಿಗೆ ಬರುವುದೇ ಹತ್ತರ ಮೇಲೆ. ನಡೆದೇ ಹೋಗೋಣವೆಂದರೆ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯ ಆರೈಕೆ ಮುಗಿಸದೆ ಹೊರಡುವಂತಿಲ್ಲ. ಉಳಿದದ್ದು ಸೈಕಲ್ಲು ಒಂದೇ.

"ಮಳೆ ಪೂರ್ತಿ ಬುಡ್ಲಿ, ನೋಡಾನ" ಎಂದ ಅಪ್ಪ.

ಅವ್ವ ಶನಿವಾರ ಮಧ್ಯಾಹ್ನ ಸ್ಟೂಲು ಹತ್ತಿ ತಾನೇ ಹಗ್ಗ ಬಿಚ್ಚಿದಳು. ಮಸಿ ಒರೆಸಿದರೆ ರಿಮ್ಮು ಫಳಫಳ, ತುಕ್ಕಿನ ಸುಳಿವಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ಬೀಗುತ್ತಿದ್ದ. ಅವ್ವ ಗಾಳಿ ಹೊಡೆಯತೊಡಗಿದಳು. ಟೈರು ಹಪ್ಪಳದಂತೆ ಚಟಚಟ ಎಂದು ಉದ್ದಕ್ಕೂ ಸೀಳಿತು. ಬ್ರೇಕಿನ ರಬ್ಬರು ಒಣಗಿ ಕಲ್ಲಾಗಿತ್ತು. ಮೂರು ತಿಂಗಳ ಬೆಂಕಿಯ ಕಾವಿನಲ್ಲಿ ಕಬ್ಬಿಣ ಮಾತ್ರ ಉಳಿದು ರಬ್ಬರೆಲ್ಲ ಸತ್ತುಹೋಗಿತ್ತು.

"ಚೆನ್ನಾಗಿ ಇಟ್ಕೊಂಡಿದ್ರಿ ಮಾರಾಯ್ರೇ," ಎಂದಳು ಅವ್ವ. "ಇನ್ನು ಗೋಡೆಗ್ ನೇತಾಕಿ ಪೂಜೆ ಮಾಡ್ಕಳಿ." ಧ್ವನಿ ಏರಲಿಲ್ಲ, ಆದರೆ ಕಣ್ಣು ತುಂಬಿತ್ತು. ನನಗೂ ಅಳು ಬಂತು.

ಅಪ್ಪ ಅಂಗಿ ಹಾಕಿಕೊಂಡು ಸಕಲೇಶಪುರದ ಬಸ್ಸು ಹತ್ತಿದ. ಕತ್ತಲಾಗುವ ಮೊದಲು ವಾಪಸ್ ಬಂದಾಗ ಕೊರಳಲ್ಲಿ ಎರಡು ಹೊಸ ಟೈರು ಹಾರದ ಹಾಗೆ ನೇತಾಡುತ್ತಿದ್ದವು, ಜೇಬಿನಲ್ಲಿ ಟ್ಯೂಬು, ಬ್ರೇಕಿನ ರಬ್ಬರು. ಪುಟ್ಟಮ್ಮ ನೋಡಿ, "ಎಲ್ ಸನ್ಮಾನ ಆಯ್ತು ರೈಟ್ರೇ?" ಎಂದಳು. ಆಮೇಲೆ ತಿಳಿಯಿತು, ನಮ್ಮಪ್ಪನಿಗೆ ಟೈರು ಹಾಕಲು ಬರುತ್ತಿರಲಿಲ್ಲ. ಪಂಕ್ಚರ್ ಆಗುವಷ್ಟು ಅವನು ಓಡಿಸಿದ್ದರೆ ತಾನೇ! ಭಾನುವಾರ ಅವ್ವ, ಸೈಕಲ್ ಶಾಪಿನಲ್ಲಿ ನೋಡಿದ್ದನ್ನು ನೆನಪಿಸಿಕೊಂಡು, ಅಡುಗೆಮನೆಯ ಎರಡು ಚಮಚದ ಹಿಡಿಯಿಂದ ಹಳೇ ಟೈರು ಎಬ್ಬಿಸಿದಳು, ಹೊಸ ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿದಳು, ಹೊಸ ಟೈರನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಅಪ್ಪ ಸ್ಪ್ಯಾನರ್ ಎತ್ತಿ ಕೊಡುತ್ತಿದ್ದ.

ಸೋಮವಾರ ಅವ್ವ ಹೋದಳು. ಸಂಜೆ ಮಳೆ ಜೋರಾಗಿಯೇ ಬಂತು. ಅಪ್ಪ ನಾಲ್ಕಕ್ಕೇ ಒರೆಸುವ ಬಟ್ಟೆ ಹಿಡಿದು ಗೇಟಿನಲ್ಲಿ ನಿಂತಿದ್ದ. ಅವ್ವ ಬಂದಾಗ ಸೈಕಲ್ಲಿನ ಬಣ್ಣವೇ ಕಾಣುತ್ತಿರಲಿಲ್ಲ, ಅಡಿಯಿಂದ ಮುಡಿವರೆಗೆ ಕೆಂಪು ಕೆಸರು. ಇನ್ನು ಗ್ರಹಚಾರ ಎಂದುಕೊಂಡೆ. ಅಪ್ಪ ಸೈಕಲ್ಲಿಗೆ ಅರ್ಧ ಸುತ್ತು ಹಾಕಿ ಅವಳ ಬಳಿ ಹೋಗಿ, ಅದೇ ಬಟ್ಟೆಯಿಂದ ಅವಳ ಮುಖದ ಕೆಸರು ಒರೆಸಿದ.

"ಥೂ, ಸೀಮೆಎಣ್ಣೆ ನಾತ ಮಾರಾಯ್ರೇ!" ಎಂದು ಅವ್ವ ಮುಖ ತಿರುಗಿಸಿದಳು. ನಗುತ್ತಿದ್ದಳು.

"ಬಿದ್ಯೇನೇ?" ಎಂದ ಅಪ್ಪ. "ಹುಡ್ಗೀರು ಬಂದಿದ್ರಾ?"

ಇಷ್ಟು ನೆನೆಯುವಷ್ಟರಲ್ಲಿ ನನ್ನ ಚೈನು ಅರ್ಧ ಮಾತ್ರ ಹೊಳೆಯುತ್ತಿತ್ತು. ಹೊರಗೆ ಮೋಡ ಕಟ್ಟಿತ್ತು. ಉಳಿದರ್ಧವನ್ನು ಹಾಗೇ ಬಿಟ್ಟು ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ ಹತ್ತಿಯೇಬಿಟ್ಟೆ. ಎದುರುಮನೆಯವರು ಆಶ್ಚರ್ಯದಿಂದ, "ಮಳೆ ಬರೋಂಗೈತೆ, ಈಗೆಲ್ಲಿಗೆ?" ಎಂದರು.

"ಕೆಸರು ಮಾಡ್ಕೊಂಡು ಬರೋಕೆ" ಎಂದೆ.