ಸೆರಗಿನಲ್ಲಿ ಎರಡು ಗಂಟು

ಫೋನಿನೊಳಗೆ ಬಾಗಿಲು ಕಿರ್ರೆಂದಿದ್ದೇ ತಡ, ಗಜೇಂದ್ರಗಡದ ನೇಕಾರ್ತಿ ಶಂಕ್ರವ್ವ ಬೆಚ್ಚಿದಳು, ಮಗ್ಗದಲ್ಲಿ ಸೆರಗಿನ ಎಳೆ ಹರಿಯಿತು. ಅದು ನನ್ನ ಮಗಳ ಸೀಮಂತಕ್ಕೆಂದು ನಾನು ನೇಯಲು ಹೇಳಿದ್ದ ಸೀರೆ. ಫೋನಿನಲ್ಲಿ ಓಡುತ್ತಿದ್ದದ್ದು ಕಾಲೇಜು ಹುಡುಗರ ದೆವ್ವದ ಸಿನಿಮಾದ ನಾಲ್ಕನೇ ಭಾಗ.

“ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ಮೊದಲ್ನೇ ಭಾಗಕ್ಕ ಏಳು ಎಳಿ ಹರದಿದ್ವು. ಇದಕ್ಕ ಇದೊಂದ. ಪ್ರತಿ ಸಲ ಅದ ಕತ್ತಲಿ, ಅದ ಅಟ್ಟ, ಹುಡುಗ ಒಬ್ಬನ ಹತ್ತತಾನ,” ಎಂದಳು, ಹರಿದ ಎಳೆಗೆ ಗಂಟು ಹಾಕುತ್ತ.

“ಹಂಗಾರ ಯಾಕ ನೋಡ್ತಿ?”

“ಈ ಸಲರೆ ಲೈಟ್ ಹಚ್ಚತಾನೇನ ಅಂತ.”

ನಾನೂ ಕೂತು ನೋಡಿದೆ. ಹುಡುಗ ಲೈಟ್ ಹಚ್ಚಲಿಲ್ಲ. ನಾನು ಚೀರಿದ ರಭಸಕ್ಕೆ ಶಂಕ್ರವ್ವನ ಕೈಯಲ್ಲಿ ಇನ್ನೊಂದು ಎಳೆ ಹರಿಯಿತು.

ಸೀಮಂತದ ದಿನ ಮಗಳು ಸೆರಗಿನ ಎರಡು ಗಂಟು ಸವರಿ ಕಾರಣ ಕೇಳಿದಳು. ಒಂದು ದೆವ್ವದ್ದು ಎಂದೆ. ಇನ್ನೊಂದರ ಸುದ್ದಿ ತೆಗೆಯಲಿಲ್ಲ.