ಓಡೂ ಮಾಸ್ತರ್ರ ಹಣಿಗೆ ಹಚ್ಚಿದ ವಿಭೂತಿ

ಮೊನ್ನೆ ಮೊಮ್ಮಗಳು ಹಿತ್ತಲದಾಗಿನ ಹಗ್ಗದ ಮ್ಯಾಲ ಒಂದು ಅಂಗಿ ಹಾಕಿದ್ಲು. ತೊಳದಿರಲಿಲ್ಲ, ಹಂಗ ಗಾಳಿಗೆ ಬಿಟ್ಟಿದ್ಲು. ಎದಿ ಮ್ಯಾಲ ನಾಕೂ ಮೂಲಿಗೆ ಪಿನ್ನು ಚುಚ್ಚಿದ ನಂಬರ್ ಬಟ್ಟಿ ಇನ್ನೂ ಜೋತಾಡತಿತ್ತು. ಜಡ್ಡು ಬಿದ್ದ ಸಣ್ಣ ಹುಡುಗರ ಸಲುವಾಗಿ ಹುಬ್ಬಳ್ಳ್ಯಾಗ ಓಡೂ ಕಾರ್ಯಕ್ರಮ ಇತ್ತಂತ, ಈಕೀನೂ ಓಡಿದ್ಲಂತ. ಓಡಿದವರಿಗೆಲ್ಲಾ ಬಾಳಿಹಣ್ಣು, ಚಪ್ಪಾಳಿ, ಫೋಟೋ. ಛಲೋನ ಆತು ಬಿಡ್ರಿ, ಓಡ್ಲಿ. ಆದ್ರ ಆ ಅಂಗಿ ತಗದು ಬುಟ್ಟಿಗೆ ಹಾಕೂ ಮುಂದ ಬಿಸಲಾಗ ಒಣಗಿದ ಬೆವರಿನ ವಾಸನಿ ಮೂಗಿಗೆ ಬಡೀತು ನೋಡ್ರಿ, ಅರವತ್ತು ವರ್ಷದ ಹಿಂದಿನ ಒಬ್ಬರು ಕಣ್ಣ ಮುಂದ ಬಂದು ನಿಂತ್ರು. ನಿಂತ್ರು ಅನ್ನೂದೂ ತಪ್ಪು... ಅವರು ನಿಲ್ಲೂ ಪೈಕಿ ಅಲ್ಲ.

ಹುಬ್ಬಳ್ಳ್ಯಾಗ ಕ್ರಿಸ್ತಾನರದೊಂದು ಸಾಲಿ ಇತ್ತು, ಅದರಾಗ ಅವರು ಡ್ರಿಲ್ ಮಾಸ್ತರ್ರು. ನಮ್ಮ ಬೈರಿದೇವರಕೊಪ್ಪದಾಗ ಅವರನ್ನ ಹೆಸರು ಹಿಡದು ಯಾರೂ ಕರೀತಿರಲಿಲ್ಲ, 'ಓಡೂ ಮಾಸ್ತರ್ರು' ಅಂತಿದ್ರು. ವರ್ಷಕ್ಕೊಮ್ಮೆ, ಅವರ ನಲವತ್ತು ದಿನದ ಉಪವಾಸದಾಗ, ಶುಭ ಶುಕ್ರವಾರಕ್ಕ ಇನ್ನೊಂದು ವಾರ ಐತಿ ಅನ್ನೂವಾಗ, ಹುಬ್ಬಳ್ಳಿಯಿಂದ ಧಾರವಾಡದ ತನಕಾ ಬರಿಗಾಲಲೆ ಓಡ್ತಿದ್ರು. ನಡುವ ನಿಲ್ಲೂ ಹಂಗಿಲ್ಲ, ನಡಿಯೂ ಹಂಗಿಲ್ಲ. ಧಾರವಾಡದ ಹೊರಗ ಕುಷ್ಠದವರದೊಂದು ದವಾಖಾನಿ ಇತ್ತು. ಅಲ್ಲಿದ್ದವರನ್ನ ಹಡದವರ ತಂದು ಬಿಟ್ಟು ಹೋಗಿದ್ರು, ಮತ್ತ ಹೊಳ್ಳಿ ನೋಡಿರಲಿಲ್ಲ. ಅವರ ರೊಟ್ಟಿಗೆ ಜ್ವಾಳ ಕೂಡಸಾಕ ಮಾಸ್ತರ್ರು ಓಡ್ತಿದ್ರು.

ಓಡಿದ್ರ ಜ್ವಾಳ ಹೆಂಗ ಕೂಡ್ತೈತಿ ಅಂತೀರೇನು? ನಮ್ಮ ಕಡೆ ಮಂದಿಗೆ ಪಂಥ, ಪೈಜು ಅಂದ್ರ ಪ್ರಾಣ. ಚೀಲ ಎತ್ತೂದಕ್ಕ ಪೈಜು, ಗುಂಡಕಲ್ಲು ಎತ್ತೂದಕ್ಕ ಪೈಜು. ಮೊದಲ್ನೇ ವರ್ಷ ಉಣಕಲ್ಲಿನ ಗರಡಿಮನಿ ಹುಡುಗರು, "ಮಾಸ್ತರ್ರ, ನಿಲ್ಲದ ನಮ್ಮೂರು ದಾಟ್ರಿ ನೋಡೂಣು, ಮನಿಗೊಂದು ಕೇರೂ ಮರದ ತುಂಬ ಜ್ವಾಳ ಕೊಡತೇವಿ" ಅಂತ ಚ್ಯಾಷ್ಟಿ ಮಾಡಿದ್ರಂತ. ಇವರು ದಾಟಿದ್ರು. ಪೈಜು ಸೋತಮ್ಯಾಲ ಕೊಡಲಿಲ್ಲಂದ್ರ ಮರ್ಯಾದಿ ಉಳೀತೈತೇನು? ಕೊಟ್ರು. ಮರುವರ್ಷ ನಮ್ಮೂರವರು, "ಉಣಕಲ್ಲಿನವರು ಕೊಟ್ರ ನಾವೇನು ಕೈ ಇಲ್ಲದವರಾ?" ಅಂತ ಶುರು ಮಾಡಿದ್ರು. ಹಂಗ ಹಬ್ಬಿ ಅದು ದಾರಿ ಮ್ಯಾಲಿನ ಎಲ್ಲಾ ಊರಿನ ಪದ್ಧತಿ ಆತು. ಮಾಸ್ತರ್ರು ಮುಂದ ಓಡಿ ಹ್ವಾದ್ರ ಹಿಂದ ಒಂದು ಚಕ್ಕಡಿ ಬರ್ತಿತ್ತು. ಅದನ್ನ ಹೊಡೀತಿದ್ದ ಮುದುಕ ಅದ ದವಾಖಾನ್ಯಾಗ ಗುಣಾ ಆದಾಂವ, ಕೈಬಳ್ಳು ಅರ್ಧರ್ಧ ಉಳದಿದ್ವು. ನಮ್ಮ ಹೆಣ್ಮಕ್ಕಳು ಸೆರಗು ಸಾವರಿಸ್ಕೊಂಡು, ದೂರ ನಿಂತು ಮರಾ ಚಾಚಿ, ಚೀಲಕ್ಕ ಜ್ವಾಳ ಸುರೂತಿದ್ರು. ಅರ್ಧ ನೆಲಕ್ಕ ಬೀಳತಿತ್ತು. ಮುದುಕ ಕೆಳಗಿಳದು ಅದನ್ನ ಬಳಕೊಂತಿದ್ದ.

ನಾ ಲಗ್ನ ಆಗಿ ಆ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಓಟಕ್ಕ ಎರಡು ದಿನಾ ಮೊದಲ ಮಾಸ್ತರ್ರು ಸೈಕಲ್ ಮ್ಯಾಲ ಬಂದು ಊರಾಗ ಹೇಳಿ ಹೋಗ್ತಿದ್ರು. ನಮ್ಮ ಕಟ್ಟಿಮ್ಯಾಲ ಕುಂತಿದ್ರು, ಒಳಗಿಂದ ನೋಡಿದೆ. ಕರ್ರಗ, ಸಣಕಲು ಆಳು. ಕಾಲಷ್ಟ ಹಗ್ಗ ಹೊಸದಂಗ. ಮಾವನವರಿಗೆ ಯಾರನ್ನರ ಕೆಣಕದಿದ್ರ ಚಾ ಇಳೀತಿರಲಿಲ್ಲ.

"ಏನ್ರಿ ಮಾಸ್ತರ್ರ, ನಿಮ್ಮ ದೇವರು ಕೂಡಬ್ಯಾಡ, ಓಡು ಅಂತ ಹೇಳ್ಯಾನೇನು?"

ಮಾಸ್ತರ್ರು ನಕ್ರು. "ಇಲ್ರಿ ಗೌಡ್ರ. ಯೇಸುಸ್ವಾಮಿ ಕುಷ್ಠದವರನ್ನ ಮುಟ್ಟಿ ಗುಣಾ ಮಾಡಿದ. ನನ್ನ ಕೈಯಾಗ ಆ ಶಕ್ತಿ ಎಲ್ಲಿಂದ ಬರಬೇಕು? ಭಾಷಣಾ ಬರೂದಿಲ್ಲ. ಹಾಡಾಕ ನಿಂತ್ರ ಮಂದಿ ನಗ್ತಾರ. ಆತ ನನಗ ಕೊಟ್ಟಿದ್ದು ಇವೆರಡು ಕಾಲು. ಇವನ್ನರ ಆತನ ಕೆಲಸಕ್ಕ ಹಚ್ಚಬೇಕಲ್ರಿ."

ಮಾವನವರು ತೊಡಿ ಬಡಕೊಂಡು ನಕ್ಕು, "ಹಂಗಾರ ನಮ್ಮನಿದು ಎರಡು ಮರಾ!" ಅಂದ್ರು. ನಮ್ಮ ಮಾವನವರ ಕೈ ದೊಡ್ಡದು, ಅದನ್ನ ನಾ ಇಲ್ಲ ಅನ್ನೂದಿಲ್ಲ. ಮನಸು ಎಷ್ಟು ದೊಡ್ಡದು ಅನ್ನೂದು ಆಮ್ಯಾಲ ತಿಳೀತು.

ಆ ವರ್ಷ ಬಿಸಲು ಲಗೂನ ಏರಿತ್ತು. ಮಾಸ್ತರ್ರು ನಮ್ಮ ಮನಿ ಮುಂದ ಬರೂದ್ರಾಗ ಡಾಂಬರು ಮೆತ್ತಗಾಗಿ ಅಂಗಾಲಿಗೆ ಹತ್ತಿತ್ತು. ಮಾರಿ ಅನ್ನೂದು ಕೆಂಡ. ಅತ್ತಿಯವರು ರೊಟ್ಟಿ ಬಡಿಯೂದು ಬಿಟ್ಟು ಹಿಟ್ಟಿನ ಕೈಲೆ ಹೊರಗ ಬಂದು, "ಏ ಹುಡುಗಿ, ಏನು ನೋಡ್ಕೋತ ನಿಂತಿ? ಕಾಲಿಗೆ ನೀರು ಹಾಕ!" ಅಂತ ಒದರಿದ್ರು. ನಾ ಕೊಡಾ ತಗೊಂಡು ಓಡಿದೆ. ಮಾಸ್ತರ್ರು ಪೈಜು ಮುರೀಬಾರದಂತ ನಿಂತಲ್ಲೇ ಒಂದೊಂದು ಕಾಲು ಎತ್ತಿ ಹಾಕ್ಕೋತ ಕುಣೀತಿದ್ರು, ನಾ ಯಾವ ಕಾಲಿಗೆ ನೀರು ಬಿಡಬೇಕೋ ತಿಳೀದ ಅರ್ಧ ನನ್ನ ಸೀರಿಮ್ಯಾಲ ಸುರಕೊಂಡೆ. ನೆರೆದ ಮಂದಿ ಹೋ ಅಂತ ನಕ್ರು. ಅವರೂ ನಕ್ರು.

ಅಷ್ಟಕ್ಕ ಬಿಟ್ಟಿದ್ರ ಏನಾಗ್ತಿತ್ತು... ಅತ್ತಿಯವರಿಗೆ ಭಕ್ತಿ ಉಕ್ಕಿ ಬಂತು. "ಬರೇ ನೀರೇನು? ಒಳಗಿಂದ ವಿಭೂತಿ ತಂದು ಹಣಿಗೆ ಹಚ್ಚು. ಇಂಥಾ ಬಿಸಲಾಗ ಯಾರದೋ ಹೊಟ್ಟಿ ಸಲುವಾಗಿ ಓಡಾಕತ್ತಾನಂದ್ರ ಅಂವ ಯಾವ ಜಂಗಮಗ ಕಡಿಮಿ?" ತಮ್ಮ ಕೈ ಹಿಟ್ಟಾಗಿತ್ತು, ಅದಕ್ಕ ನನಗ ಹೇಳಿದ್ರು. ವಿಭೂತಿ ತಂದೆ, ಆದ್ರ ಪರಗಂಡಸಿನ ಹಣಿ ಮುಟ್ಟೂದು ಹೆಂಗಂತ ಎರಡು ಹೆಜ್ಜಿ ದೂರ ನಿಂತೆ. "ಅಣ್ಣ ಅಂತ ತಿಳ್ಕೊಂಡು ಹಚ್ಚ!" ಅಂತ ಮತ್ತ ಗದರಿಸಿದ್ರು.

ಮಾಸ್ತರ್ರು ನನ್ನ ಮೂರು ಬಳ್ಳಿನ ಮ್ಯಾಲಿನ ವಿಭೂತಿ ನೋಡಿದ್ರು. ಆಮ್ಯಾಲ ನನ್ನ ಮಾರಿ ನೋಡಿದ್ರು. ಒಲ್ಲೆ ಅಂದಿದ್ರ ಊರ ಮುಂದ ಹೊಸಾ ಸೊಸಿಗೆ ಎಷ್ಟು ಅಪಮಾನ ಆಗ್ತಿತ್ತು ಅನ್ನೂದು ಅವರಿಗೆ ತಿಳದಿರಬೇಕು. ತಲಿ ಬಗ್ಗಿಸಿದ್ರು. ಹಚ್ಚಿದೆ. "ಬರ್ತೇನಿ ತಂಗಿ" ಅಂದು ಅಮರಗೋಳದ ಕಡೆ ಓಡಿದ್ರು. ಅವತ್ತು ಸಂಜೀತನಕಾ ನನಗ ನೆಲಾ ಕಾಣಲಿಲ್ಲ ನೋಡ್ರಿ, ಅಷ್ಟು ಹಿಗ್ಗು. ಎಂಥಾ ಹುಚ್ಚಿ ನಾ!

ಮೂರು ದಿನಾ ಬಿಟ್ಟು ಉಳದ ಜ್ವಾಳ ಒಯ್ಯಾಕ ಚಕ್ಕಡಿ ಮುದುಕ ಬಂದಾಗ ಧಾರವಾಡದ ಸುದ್ದಿ ಗೊತ್ತಾತು. ಅಲ್ಲಿ ಚರ್ಚಿನ ಅಂಗಳದಾಗ ಅವರ ಸಭೆಯವರೆಲ್ಲಾ ಹಾಡು ಹಾಡ್ಕೋತ ಕಾಯಾಕತ್ತಿದ್ರಂತ. ಮಾಸ್ತರ್ರು ಬಂದ್ರು, ಹಣಿಮ್ಯಾಲ ಮೂರು ಗೆರಿ. ಹಾಡು ಅಲ್ಲೇ ನಿಂತಿತಂತ. ಸಭೆಯ ಹಿರಿಯರೊಬ್ಬರು ಟವಲು ಕೊಟ್ಟು, "ಒರಸ್ಕೋರಿ" ಅಂದ್ರಂತ. ಇವರು, "ಮನಿಗೆ ಹೋಗಿ ಮಾರಿ ತೊಳಕೊಂತೇನ್ರಿ. ಇಲ್ಲೇ ಎಲ್ಲಾರ ಮುಂದ ಇದನ್ನ ಒರಸಿ ಒಗದ್ರ, ಆ ತಾಯಂದ್ರು ಕೊಟ್ಟ ಜ್ವಾಳಾನ ಯಾವ ಮಾರಿಲೆ ತಗೋಳ್ಳಿ?" ಅಂದ್ರಂತ.

ಅಷ್ಟ ಅವರ ತಪ್ಪು. 'ಜ್ವಾಳಕ್ಕ ಯೇಸುಸ್ವಾಮಿನ್ನ ಮಾರಿ ಬಂದ' ಅಂತ ಮಾತು ಎದ್ದಿತು. ಬೇಡಿ ಹಚ್ಚಿಸಿಕೊಂಡಿಯೋ, ಅವರ ಹಚ್ಚಿದ್ರೋ, ಅದು ಇತ್ಯರ್ಥ ಆಗೂತನಕಾ ಕರ್ತನ ಭೋಜನಕ್ಕ ಕೂಡಬ್ಯಾಡ ಅಂದ್ರಂತ. ಅದು ಅವರಾಗ ರೊಟ್ಟಿ ಮುರದು ದ್ರಾಕ್ಷಿರಸದ ಜೋಡಿ ತಗೊಳ್ಳೂ ಪ್ರಸಾದ ಇದ್ದಂಗ. ಅದರಾಗೂ ಶುಭ ಶುಕ್ರವಾರದ್ದು ಭಾಳ ದೊಡ್ಡದು. ನನಗ ಮೊದಲ ತಿಳೀಲಿಲ್ಲ. ಮುದುಕ, "ಊಟದ ಪಂಕ್ತಿಯಿಂದ ಕೈ ಹಿಡದು ಎಬ್ಬಿಸಿದಂಗ ನೋಡವ್ವಾ" ಅಂದಾಗ ತಿಳೀತು.

ಶುಭ ಶುಕ್ರವಾರದ ಹಿಂದಿನ ದಿನಾ ಮಾಸ್ತರ್ರು ತಾವ ಬಂದ್ರು. ಕೋಟು ಹಾಕ್ಕೊಂಡಿದ್ರು. ಕೂಡ್ರಿ ಅಂದ್ರೂ ಕೂಡಲಿಲ್ಲ.

"ಗೌಡ್ರ, ಒಂದು ಉಪಕಾರ ಆಗಬೇಕು. ನಾ ಬೇಡಿದ್ನೋ ಏನೋ ಅಂತ ನಮ್ಮ ಹಿರಿಯರು ಕೇಳಾಕತ್ತಾರ. ತಂಗಿ ಬಂದು, 'ನಾವ ಪ್ರೀತಿಲೆ ಹಚ್ಚೀವಿ, ಅವರು ಕೇಳಿರಲಿಲ್ಲ' ಅಂತ ಒಂದು ಮಾತು ಹೇಳಿದ್ರ ಸಾಕು. ನಿಮ್ಮ ಚಕ್ಕಡ್ಯಾಗ ನೀವ ಕರಕೊಂಡು ಬರ್ರಿ."

ಮಾವನವರ ಮಾರಿ ಕೆಂಪಗಾತು. "ಏನಂದ್ರಿ? ನಮ್ಮ ವಿಭೂತಿ ಏನು ಮಸಿ ಐತೇನು, ಹತ್ತಿದ್ದಕ್ಕ ಪಂಚಾಯ್ತಿ ಕೂಡಸಾಕ? ನಮ್ಮನಿ ಸೊಸಿ ನಿಮ್ಮ ಚರ್ಚಿನ್ಯಾಗ ನಿಂತು ಜವಾಬು ಕೊಡಬೇಕೇನು?"

"ತಪ್ಪಾತಂತ ಹೇಳಬ್ಯಾಡ್ರಿ ಗೌಡ್ರ. ನಾನೂ ಅಂದಿಲ್ಲ, ಅನ್ನೂದೂ ಇಲ್ಲ. ನಡದದ್ದು ಹೇಳಿದ್ರ ಸಾಕು."

"ನಡೀರಿ ನೀವು."

ನಾ ಪಡಸಾಲಿ ಬಾಗಲ ಹಿಂದ ನಿಂತಿದ್ದೆ. ಒಂದು ಹೆಜ್ಜಿ ಮುಂದ ಇಟ್ಟಿದ್ರ ಆಗ್ತಿತ್ತು. 'ನಾ ಹೋಗತೇನ್ರಿ' ಅಂದಿದ್ರ ಹೆಚ್ಚಂದ್ರ ಏನು ಮಾಡ್ತಿದ್ರು, ಎರಡು ಏಟು ಹಾಕ್ತಿದ್ರು. ಅನ್ನಲಿಲ್ಲ. ಮರುದಿನಾ ಎಲ್ಲಾರೂ ಭೋಜನಕ್ಕ ಒಳಗ ಹ್ವಾದಾಗ ಮಾಸ್ತರ್ರು ಚರ್ಚಿನ ಮೆಟ್ಟಲ ಮ್ಯಾಲ ಕುಂತಿದ್ರಂತ, ಹಾಡು ಮುಗಿಯೂತನಕಾ. ಮುಂದೂ ಅವರನ್ನ ಒಳಗ ಕರೀಲಿಲ್ಲಂತ. 'ತಪ್ಪಾತು' ಅಂದ್ರ ಕರೀತಿದ್ರು, ಅವರು ಅನ್ನಲಿಲ್ಲ.

ಯಾರನ್ನ ಬೈಯಲಿ ಹೇಳ್ರಿ? ಯಾರೂ ಮುಟ್ಟದವರನ್ನ ಮುಟ್ಟಿದಾತನ ಹೆಸರು ಹೇಳ್ಕೊಂಡು ಅವರು ಚಿಮಟಿ ಬೂದಿಗೆ ಅಂಜಿದ್ರು. ನಮ್ಮವರೇನು ಬಂಗಾರದವರೇನು? ಎಲ್ಲಾರೂ ಒಂದ ಅಂತ ದಿನಾ ಮುಂಜಾನೆ ಎದ್ದು ವಚನಾ ಅನ್ನೂ ಮನಿ ನಮ್ಮದು! ಅವರಿಗೆ ಅವರ ಹಠ, ಇವರಿಗೆ ಇವರ ಸೊಕ್ಕು, ಕೋಣ ಎರಡು ಕಾದಿದ್ರ ಗಿಡಕ್ಕ ಮಿತ್ತು ಬಂತು. ಸುಡ್ಲಿ ಅದನ್ನ.

ಮರುವರ್ಷ ಮಾವನವರು ಊರಾಗ ಮೊದಲ ಹೇಳಿಟ್ಟಿದ್ರು: ನಮ್ಮ ವಿಭೂತಿ ಒಲ್ಲದವಗ ನಮ್ಮ ಜ್ವಾಳ ಯಾಕ? ಖರೇ ಅಂದ್ರ ಮಾಸ್ತರ್ರು ಒಲ್ಲೆ ಅಂದಿರಲ ಇಲ್ಲ. ಅದಕ್ಕ ತಾನ ಅವರನ್ನ ಹೊರಗ ಹಾಕಿದ್ದು? ಯಾರಿಗೆ ಬೇಕಾಗಿತ್ತು ಖರೇ ಮಾತು. ಆದ್ರೂ ಆ ಮನಶ್ಯಾ ಓಡಿದ್ರು. ತಮ್ಮ ಸಭೆಯವರು ಬೆನ್ನಿಗಿಲ್ಲ, ನಮ್ಮ ಮಂದಿ ಹಾದ್ಯಾಗಿಲ್ಲ. ಬಾಗಲಾ ಎಲ್ಲಾ ಹಾಕಿದ್ವು. ಮಟಾಮಟಾ ಮಧ್ಯಾಹ್ನ, ಊರಾಗ ನಾಯಿ ಸುದ್ದಾ ಹೊರಗಿರಲಿಲ್ಲ.

ನಾ ಬಾಗಲ ಸಂದಿನ್ಯಾಗ ನೋಡಾಕತ್ತಿದ್ದೆ. ನಮ್ಮ ಮನಿ ಮುಂದ ಬಂದು ಅವರು ನಿಂತ್ರು. ಎಂದೂ ನಿಲ್ಲದವರು ನಿಂತ್ರು. ಮೊಣಕಾಲಿಗೆ ಕೈಯೂರಿ ಬಗ್ಗಿದ್ರು, ಎದಿ ತಿದಿ ಒತ್ತಿದಂಗ ಆಗತಿತ್ತು. ಆಮ್ಯಾಲ ತಲಿ ಎತ್ತಿ, "ತಂಗೀ, ಒಂದು ತಂಬಗಿ ನೀರು ಕೊಡವಾ" ಅಂದ್ರು.

ಬಾಗಲಾ ತೆರೀಲಿಲ್ಲ.

ಮತ್ತೊಮ್ಮೆ ಕೇಳಲಿಲ್ಲ ಅವರು. ಸ್ವಲ್ಪ ಹೊತ್ತು ನೋಡಿದ್ರು, ಎರಡೂ ಕೈ ಜೋಡಿಸಿದ್ರು, ನಡಕೋತ ಹ್ವಾದ್ರು. ಓಡಲಿಲ್ಲ, ನಡಕೋತ... ಹಿಂದ ಚಕ್ಕಡಿ ಖಾಲಿ ಚೀಲ ಹೊತಗೊಂಡು ಹೋತು. ಆ ವರ್ಷ ದವಾಖಾನಿಯವರು ಏನು ಉಂಡ್ರೋ ನನಗ ಗೊತ್ತಿಲ್ಲ.

ಮುಂದ ಮಾಸ್ತರ್ರು ಓಡಲಿಲ್ಲ. ಸಾಲಿ ಬಿಟ್ಟು ಗದಗಿನ ಕಡೆ ಹ್ವಾದ್ರು ಅಂದ್ರು ಕೆಲವರು. ಅಲ್ಲೇ ಎಲ್ಲೋ ತೀರಿಕೊಂಡ್ರು ಅಂತ ಭಾಳ ವರ್ಷದ ಮ್ಯಾಲ ಕಿವಿಗೆ ಬಿತ್ತು. ಕಡೀಕ ಅವರಿಗೆ ಆ ರೊಟ್ಟಿ ರಸ ಯಾರರ ಕೊಟ್ರೋ ಇಲ್ಲೋ... ಕೇಳಿ ತಿಳ್ಕೊಬೇಕು ಅನಸ್ತಿತ್ತು. ಯಾವ ಬಾಯಿಲೆ ಕೇಳಲಿ?

ಈ ಕಥಿ ನನ್ನ ಮಕ್ಕಳಿಗೂ ಗೊತ್ತೈತಿ. ಅವರಿಗೆ ನಾ ಹೇಳಿದ್ದು, ಅವತ್ತು ನೀರಿನ ತಂಬಗಿ ನನ್ನ ಕೈಯಾಗ ಇತ್ತು, ಬಾಗಲಾ ತೆಗೀಬೇಕಂದ್ರ ಅತ್ತಿ ನನ್ನ ರಟ್ಟಿ ಹಿಡದ್ರು ಅಂತ. ಮಕ್ಕಳು ಅಜ್ಜಿನ್ನ ಬೈದ್ರು, ನನಗ ಪಾಪ ಅಂದ್ರು. ಅನ್ನಿಸ್ಕೊಂಡೆ. ಅತ್ತಿ ಹ್ವಾದ್ರು, ಮಾವ ಹ್ವಾದ್ರು, ಸತ್ತವರು ಎದ್ದು ಬಂದು ಇಲ್ಲ ಅನ್ನೂದಿಲ್ಲ. ಈಗ ನನಗೂ ಎಂಬತ್ತು ದಾಟೇತಿ, ಇನ್ನ ಯಾರಿಗೆ ಅಂಜಿ ಮುಚ್ಚಿಡಲಿ? ಅತ್ತಿ ಮಾವ ನಸುಕಿನ್ಯಾಗ ಹೊಲಕ್ಕ ಹೋಗಿದ್ರು, ಯಜಮಾನ್ರು ಅವರ ಜೋಡಿ ಹೋಗಿದ್ರು. ಅವತ್ತು ಮನ್ಯಾಗ ನಾ ಒಬ್ಬಾಕಿನ ಇದ್ದೆ.