ಎರಡು ಹಿಡಿತ, ನಾಲ್ಕು ಆಜ್ಞೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಿಜಾಪುರದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದೆ. ಜೋರಾಪುರ ಪೇಟೆಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ಮುಂಬಯಿಯಿಂದ ತರಿಸಿದ ಚಿಪ್‌ಗಳಿಂದ ಪುಟ್ಟದೊಂದು ಪ್ರೊಸೆಸರ್ ಕಟ್ಟುವ ಹುಚ್ಚು ಹತ್ತಿತ್ತು. ಒಂದು ಆಜ್ಞೆಯನ್ನು ಗುರುತಿಸಲು ಸೊನ್ನೆ ಇಲ್ಲವೇ ಒಂದು ಎನ್ನುವ ನಾಲ್ಕೇ ಬಿಟ್, ಅಂದರೆ ಒಟ್ಟು ಹದಿನಾರೇ ಆಜ್ಞೆ. ಗುಣಾಕಾರ ಸೇರಿಸಿದರೆ ತಂತಿಗಳು ಬೆಳೆದು ಗೋಜಲಾಗುತ್ತಿದ್ದವು. ಬಿಟ್ಟರೆ ಕೂಡಿಸಿದ್ದನ್ನೇ ಮತ್ತೆ ಮತ್ತೆ ಕೂಡಿಸಬೇಕು, ಬಲು ನಿಧಾನ. ಕೊನೆಗೆ ಗುಣಾಕಾರವನ್ನೇ ಬಿಟ್ಟುಬಿಟ್ಟೆ. ಸರಿಯೋ ತಪ್ಪೋ ಕೇಳೋಣವೆಂದರೆ ಊರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸಾಕಾಗಿಹೋಗಿತ್ತು ಆ ಒಂಟಿತನ.

ಇದನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದವಳು ತಿಕೋಟಾದಲ್ಲಿದ್ದ ನನ್ನ ಅಕ್ಕ ಒಬ್ಬಳೇ. ಏನೂ ತಿಳಿಯುತ್ತಿರಲಿಲ್ಲ, ಆದರೂ ರೊಟ್ಟಿ ಬಡಿಯುತ್ತ "ಹೂಂ, ಮುಂದ?" ಅನ್ನುತ್ತಿದ್ದಳು. ಒಂದು ದಿನ ಅವಳಿಗೆ ಲಕ್ವಾ ಹೊಡೆಯಿತು. ಮಾತು ಹೋಯಿತು, ಎಡಗೈ ಮಾತ್ರ ಉಳಿಯಿತು.

ಅವಳಿಗೂ ನಾನೇ ಆಜ್ಞೆಗಳನ್ನು ಮಾಡಿಕೊಟ್ಟೆ. ಅವಳು ನಮ್ಮ ಕೈಯನ್ನು ಎರಡು ಸಲ ಹಿಡಿಯಬೇಕು, ಪ್ರತಿ ಸಲ ಬಿಗಿಯಾಗಿ ಇಲ್ಲವೇ ಸಡಿಲಾಗಿ. ಅದರಲ್ಲಿ ನಾಲ್ಕು ಮಾತು: ನೀರು, ನೋವು, ಮಗ್ಗುಲು ಬದಲಿಸು, ಹತ್ತಿರ ಬಾ.

"ನಾಲ್ಕರಾಗ ಸಂಸಾರ ಹೆಂಗ ಆಗ್ತೈತೋ ಮಾರಾಯಾ? ಇನ್ನ ನಾಕು ಕೊಡು," ಅಂದರು ಅಕ್ಕನ ಗಂಡ.

"ಹಂಗಾದ್ರ ಮೂರು ಸಲ ಹಿಡಿಬೇಕಾಗ್ತೈತ್ರಿ ಮಾಮಾ. ಎರಡಕ್ಕ ಕೈ ಸೋತು ಬೀಳಾಕತ್ತೈತಿ."

ಒಂದು ರವಿವಾರ ಸಂಜೆ ಬಿಜಾಪುರದ ಕೊನೆಯ ಬಸ್ಸಿಗೆ ಹೊರಟು ನಿಂತಿದ್ದೆ. ಅಕ್ಕ ಕೈ ಹಿಡಿದಳು: ಹತ್ತಿರ ಬಾ. ಬಗ್ಗಿದೆ. ಮತ್ತೆ ಅದೇ.

"ಇಲ್ಲೇ ಅದೀನಲ್ಲಬೇ ಯಕ್ಕಾ! ಇನ್ನೆಷ್ಟು ಹತ್ತಿರ ಬರ್ಲಿ?"

ಮತ್ತೆ ಅದೇ. ಮಾಮ ನೀರು ತಂದರೆ ತುಟಿ ಬಿಗಿದಳು. ಮಗ್ಗುಲು ಬದಲಿಸಿದರೆ ಸಿಟ್ಟಿಗೆ ಕಣ್ಣು ತುಂಬಿಕೊಂಡಳು. ಏನೋ ಹೇಳಬೇಕಾಗಿತ್ತು ಅವಳಿಗೆ, ನಮಗೆ ತಿಳಿಯುತ್ತಿರಲಿಲ್ಲ.

"ತಪ್ಪು ಹಿಡ್ಯಾಕತ್ತಾಳ, ಬಿಡು. ನೀ ನಡಿ," ಅಂದರು ಮಾಮ.

ನನಗೂ ರೇಗಿಹೋಗಿತ್ತು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಕೈ ಬಿಡಿಸಿಕೊಳ್ಳಲು ಹೋದೆ. ಸೋತ ಬೆರಳುಗಳಲ್ಲೇ ಅವಳು ಹಿಡಿದಳು: ಬಾ, ಬಾ, ಬಾ.

'ಹೋಗಬೇಡ' ಎನ್ನಲು ನಾನು ಗುರುತೇ ಇಟ್ಟಿರಲಿಲ್ಲ.

ಚೀಲ ಇಳಿಸಿ ಹಾಸಿಗೆಯ ಅಂಚಿಗೆ ಕೂತೆ. ಬಸ್ಸಿನ ಸದ್ದು ದೂರವಾಯಿತು. ಆಮೇಲೆಯೇ ಅವಳು ನನ್ನನ್ನೇ ನೋಡುತ್ತ ಕೈ ಸುಮ್ಮನಾಗಿಸಿದ್ದು. ನಾನು ಗಳಗಳನೆ ಅತ್ತೆ. ಹೋಗಬೇಡ ಅಂತ ನನಗೆ ಹೇಳುವವರು ಬೇರೆ ಯಾರೂ ಇರಲಿಲ್ಲ.